ಎಣ್ಣೆಯ ಇಂಜೆಕ್ಷನ್

"ಸೀತು ಇಲ್ಲ, ತಾಯಿಮನೆಗೆ ಹೋಗಿದ್ದಾಳೆ" ಎಂದುಬಿಟ್ಟಳು ದಮಯಂತಿ.

ಹಿತ್ತಿಲ ಬಾಗಿಲಲ್ಲಿ ಬೆವರೊರೆಸಿಕೊಳ್ಳುತ್ತಿದ್ದ ನರ್ಸಮ್ಮ ಬೆಚ್ಚಿದಳು. "ಎಂತ ಹೇಳುದು ನೀವು? ಇವತ್ತು ಇಂಜೆಕ್ಷನ್ ಕೊಡ್ಬೇಕಲ್ಲ! ದಿನ ತಪ್ಪಬಾರದು ಅಂತ ಡಾಕ್ಟರು ಹೇಳಿದ್ದಾರೆ."

"ನಾನೆಂತ ಮಾಡುದು ಮಾರಾಯ್ರೆ?"

ನರ್ಸಮ್ಮ ಚೀಲ ಎತ್ತಿಕೊಂಡು ಪುತ್ತೂರಿನ ಬಸ್ಸಿನತ್ತ ಹೊರಟಳು. ಸೀತು ಒಳಕೋಣೆಯಲ್ಲಿ ಮಲಗಿದ್ದಳು. ಅತ್ತೆಗೂ ಊಟದ ಮೇಲಿನ ಜೊಂಪು.

ದಮಯಂತಿಯ ಗಂಡ ತ್ಯಾಂಪಣ್ಣ, ಮೈದುನ ಚೆನ್ನಪ್ಪ ಸೇರಿ ಕಡಬ ಪೇಟೆಯಲ್ಲಿ ಹೋಟೆಲು ನಡೆಸುತ್ತಿದ್ದರು. ಮನೆ ಅದರ ಹಿಂದೆಯೇ. ದಮಯಂತಿಯ ಬಸಿರೆಲ್ಲ ಮೂರು ತಿಂಗಳು ತುಂಬುವ ಮೊದಲೇ ಇಳಿದುಹೋಗಿತ್ತು. ಅವಳಿಗೆ ಸಿಕ್ಕಿದ್ದು ಹರಕೆ, ಕಷಾಯ ಮತ್ತು ಅತ್ತೆಯ ಮೌನ. ಚೆನ್ನಪ್ಪನ ಹೆಂಡತಿ ಸೀತುವಿಗೂ ಹಾಗೇ ಆದಾಗ ಅವನು ಅವಳನ್ನು ಪುತ್ತೂರಿಗೆ ಕರೆದೊಯ್ದ. ಬಸಿರನ್ನು ಹಿಡಿದಿಡುವ ಹಾರ್ಮೋನು ಅವಳ ಮೈಯಲ್ಲಿ ಸಾಲದು, ಮೊದಲ ತಿಂಗಳುಗಳಲ್ಲಿ ಅದನ್ನು ಎಣ್ಣೆಯಲ್ಲಿ ಕರಗಿಸಿದ ಇಂಜೆಕ್ಷನ್ ಆಗಿ ಸಮಯಕ್ಕೆ ಸರಿಯಾಗಿ ಕೊಡುತ್ತಿರಬೇಕು ಎಂದರಂತೆ ಡಾಕ್ಟರು. ಈಗ ಮತ್ತೆ ಬಸಿರಾದ ಸೀತುವಿಗೆ ಬಾವಿಯ ನೀರು ಸೇದಲೂ ಅತ್ತೆ ಬಿಡುತ್ತಿರಲಿಲ್ಲ. ಸೇದುವವಳು ದಮಯಂತಿ.

"ಅಕ್ಕಾ, ನರ್ಸಮ್ಮ ಬಂದ್ರಾ?" ಒಳಗಿನಿಂದ ಸೀತು ಕೇಳಿದಳು. "ಬೆಳಿಗ್ಗೆಯಿಂದ ಸೊಂಟ ನೋಯ್ತಾ ಉಂಟು. ಹೆದರಿಕೆ ಆಗ್ತದೆ."

ಆ ನೋವು ದಮಯಂತಿಗೆ ಗೊತ್ತಿತ್ತು. ಪ್ರತಿಸಲವೂ ಅದು ಸೊಂಟದಿಂದಲೇ ಶುರುವಾಗುತ್ತಿತ್ತು. ಹೊರಗೆ ಬಸ್ಸು ಹಾರ್ನ್ ಹೊಡೆಯಿತು.

ಹೋಟೆಲಿನ ಗಂಡಸರ ನಡುವೆ ಎಂದೂ ಕಾಲಿಡದವಳು ಬೆಂಚುಗಳ ನಡುವಿನಿಂದ ಓಡಿದಳು. ಚಾ ಕುಡಿಯುತ್ತಿದ್ದವರು ಗ್ಲಾಸು ಹಿಡಿದೇ ತಿರುಗಿ ನೋಡಿದರು. "ಎಂತ ಆಯ್ತು?" ಎಂದ ತ್ಯಾಂಪಣ್ಣ. ಅವಳು ನಿಲ್ಲಲಿಲ್ಲ. ಹೊರಟಿದ್ದ ಬಸ್ಸಿನ ಮಗ್ಗುಲಿಗೆ ಅಂಗೈಯಿಂದ ಬಡಿದು ನಿಲ್ಲಿಸಿದಳು.

"ಸೀತು ಮನೆಯಲ್ಲೇ ಇದ್ದಾಳೆ. ನಾನು ಸುಳ್ಳು ಹೇಳಿದ್ದು. ಇಳೀರಿ."

ನರ್ಸಮ್ಮ ಅವಳ ಮುಖ ನೋಡಿದಳು. ಚೀಲ ಬಗಲಿಗೇರಿಸಿ ಇಳಿದಳು. ಹೋಟೆಲಿನ ಮೆಟ್ಟಿಲ ಬಳಿ ದಮಯಂತಿ ಕೇಳಿದಳು. "ಈ ಮದ್ದು ನನಗೆ ಕೊಟ್ಟಿದ್ರೆ ನನ್ನ ಬಸಿರೂ ನಿಲ್ತಿತ್ತಾ?"

"ಹೇಗೆ ಹೇಳುದು? ನಿಲ್ತಿತ್ತೋ ಏನೋ. ನಿಮ್ಮನ್ನು ಯಾರೂ ಡಾಕ್ಟರ ಹತ್ರ ಕರ್ಕೊಂಡು ಹೋಗ್ಲಿಲ್ವಾ?"

ದಮಯಂತಿ ಗಲ್ಲಾಪೆಟ್ಟಿಗೆಯ ಮುಂದೆ ಕೂತ ಗಂಡನನ್ನು ದಾಟಿ ಒಳಗೆ ನಡೆದಳು.

ಸಂಜೆಯ ಹೊತ್ತಿಗೆ ಸೀತುವಿನ ಸೊಂಟನೋವು ಇಳಿದಿತ್ತು. ಸೂಜಿ ಚುಚ್ಚಿದಲ್ಲಿ ಎಣ್ಣೆಮದ್ದು ಗಂಟು ಕಟ್ಟಬಾರದೆಂದು ದಮಯಂತಿ ಹಂಡೆಯ ಬಿಸಿನೀರಲ್ಲಿ ಬಟ್ಟೆ ಅದ್ದಿ, ಹಿಂಡಿ, ಒತ್ತಿ ಹಿಡಿದಳು.

"ಮೆಲ್ಲ, ಅಕ್ಕಾ. ಸುಡ್ತದೆ."

"ಹೂಂ" ಎಂದಳು ದಮಯಂತಿ. ಕೈ ಸಡಿಲಿಸಲು ಅವಳಿಗೆ ತುಸು ಹೊತ್ತು ಹಿಡಿಯಿತು.