ಅಕ್ಕನ ಕೈ ಮುಟಗಿ

ಸೋಮವಾರ ಬಂತೆಂದರೆ ಅರಭಾವಿಯ ಶೆಟ್ಟೆವ್ವನ ಹೊಟ್ಟೆಯಲ್ಲಿ ಬೆಳಗಿನಿಂದಲೇ ಬೆಂಕಿ ಬೀಳುತ್ತಿತ್ತು. ಅವತ್ತು ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವ ಹಾಗಿಲ್ಲ. ಹೊಲದ ಕೆಲಸವಿಲ್ಲದ ಗಂಡ ಕಲ್ಲಪ್ಪ ಮೀಸೆಗೆ ಎಣ್ಣೆ ಸವರಿ, ಒಗೆದ ರುಮಾಲು ಸುತ್ತಿ, ಮೇಲವಂಕಿಯ ದಾರಿ ಹಿಡಿಯುತ್ತಿದ್ದ. ಮೇಲವಂಕಿಯಲ್ಲಿ ಅವನ ಅಕ್ಕ ಉದ್ದವ್ವ ಇದ್ದಳು. ಗಂಡ ಸತ್ತು ಆರು ವರ್ಷ, ಮಕ್ಕಳಿಲ್ಲ, ಒಂದೇ ಖೋಲಿಯ ಮನೆ. ತಮ್ಮ ಬರುವ ದಿನ ಬಿಸಿ ರೊಟ್ಟಿ ಬಡಿದು ಮುಟಗಿ ಮಾಡಿ ಉಣ್ಣಿಸಿ ಕಳಿಸುತ್ತಿದ್ದಳು. ಇಷ್ಟೇ ಸಂಗತಿ. ಇಷ್ಟಕ್ಕೆ ಯಾರಾದರೂ ಉರಿದುಕೊಳ್ಳುತ್ತಾರೆಯೇ ಎಂದು ನೀವು ಕೇಳಬಹುದು. ಕೇಳುವ ಮೊದಲು ಶೆಟ್ಟೆವ್ವನ ಒಲೆಯ ಮುಂದೆ ಒಂದು ಸೋಮವಾರ ಸಂಜೆ ಕೂತು ನೋಡಿ.

ಮುಟಗಿಯೇನು ಅರಮನೆಯ ಅಡುಗೆಯಲ್ಲ. ಹಂಚಿನಿಂದ ಇಳಿದ ದಪ್ಪ ಜೋಳದ ರೊಟ್ಟಿಯನ್ನು ಕೈ ಸುಡುವಾಗಲೇ ಮುರಿಯಬೇಕು. ಬೆಳ್ಳುಳ್ಳಿ, ಜೀರಿಗೆ, ಹಸಿಮೆಣಸಿನಕಾಯಿ, ಉಪ್ಪು ಹಾಕಿ ಒರಳಲ್ಲಿ ಕುಟ್ಟಬೇಕು. ಮೇಲೆ ತುಪ್ಪ ಸುರಿದು ಮುಷ್ಟಿಯಲ್ಲಿ ಒತ್ತಿ ಉಂಡೆ ಕಟ್ಟಿದರೆ ಮುಗಿಯಿತು. ಕುರಿ ಕಾಯುವವರ ಮನೆಯ ಹುಡುಗಿಗೆ ಇದನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಆದರೂ ಶೆಟ್ಟೆವ್ವ ಮಾಡಿದ್ದನ್ನು ಕಲ್ಲಪ್ಪ ಎರಡು ತುತ್ತು ತಿಂದು ತಾಟು ಸರಿಸುತ್ತಿದ್ದ.

"ಯಾಕ, ಏನಾಗೇತಿ?" ಎಂದು ಇವಳು ಕೇಳುವಳು.

"ಏನೂ ಆಗಿಲ್ಲ. ಅಕ್ಕನ ಕೈಯಾಗಿಂದ ಬ್ಯಾರೆ, ನಿನ್ನ ಕೈಯಾಗಿಂದ ಬ್ಯಾರೆ. ಅದಕ್ಕ ನೀ ಏನ ಮಾಡ್ತಿ," ಎಂದು ಅವನು ಸಮಾಧಾನದ ದನಿಯಲ್ಲಿ ಹೇಳುವನು. ಬೈದಿದ್ದರೆ ಶೆಟ್ಟೆವ್ವ ತಿರುಗಿ ಬೈಯುತ್ತಿದ್ದಳು. ಸಮಾಧಾನ ಹೇಳುವವನಿಗೆ ಏನು ಮಾಡುವುದು? ಅವಳು ಬೆಳ್ಳುಳ್ಳಿ ಹೆಚ್ಚಿಸಿದಳು. ಮೆಣಸಿನಕಾಯಿ ಸುಟ್ಟು ಹಾಕಿದಳು. ಒರಳು ಬಿಟ್ಟು ಕಲ್ಲಿನ ಮೇಲೆ ಜಜ್ಜಿದಳು. ಎಲ್ಲ ಬದಲಿಸಿದಳು, ಒಂದನ್ನು ಬಿಟ್ಟು. ಆ ಒಂದು ಯಾವುದೆಂದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೇ ಬಾಯಿ ಮುಚ್ಚಿಕೊಂಡಿದ್ದಳು.

ಆ ಒಂದು ತುಪ್ಪ. ಅದರ ಕತೆ ಹೇಳಬೇಕೆಂದರೆ ಮೊದಲು ಬೋರಮಾಳದ ಕತೆ ಹೇಳಬೇಕು. ಅತ್ತೆ ಸಾಯುವಾಗ ತನ್ನ ಕೊರಳಿನ ಬೋರಮಾಳವನ್ನು, ಆ ಬಂಗಾರದ ಗುಂಡಿನ ಸರವನ್ನು, ಸೊಸೆ ಕಾಲ ಬಳಿಯೇ ಕೂತಿದ್ದರೂ ಮಗಳು ಉದ್ದವ್ವನ ಕೈಗೆ ಹಾಕಿದಳು. ಮೂರು ವರ್ಷ ಹಾಸಿಗೆ ಹಿಡಿದವಳ ಸೇವೆ ಮಾಡಿದ್ದು ಶೆಟ್ಟೆವ್ವ. ಸರ ಹೋದದ್ದು ಮೇಲವಂಕಿಗೆ. ಅವತ್ತು ನೆಟ್ಟ ಮುಳ್ಳು ಇನ್ನೂ ಒಳಗೇ ಇತ್ತು. ತನ್ನ ಕೊರಳಲ್ಲೂ ಅಂಥದ್ದೊಂದು ಬಿದ್ದು, ಅದನ್ನು ಹಾಕಿಕೊಂಡು ನಾದಿನಿಯ ಮುಂದೆ ಒಂದು ಸಲ ಹಾದುಹೋಗದ ಹೊರತು ಆ ಮುಳ್ಳು ಕೀಳುವಂತಿರಲಿಲ್ಲ.

ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದ ವರ್ಷ, ಉಣ್ಣೆ ಮಾರಿದ ದುಡ್ಡಿನಲ್ಲಿ ಕಲ್ಲಪ್ಪ ಒಂದು ಎಮ್ಮೆ ತಂದು ಕಟ್ಟಿದ. ಅದಕ್ಕೆ ಮೊದಲು ಆ ಮನೆಯಲ್ಲಿ ಕುರಿ ಬಿಟ್ಟರೆ ಬೇರೆ ಹೈನು ಇರಲಿಲ್ಲ. ಎಮ್ಮೆಯ ಹಾಲು ಗಟ್ಟಿ, ಕೆನೆ ಬೆರಳು ದಪ್ಪ. ಶೆಟ್ಟೆವ್ವ ಅದನ್ನು ನೋಡಿದಳು, ತನ್ನ ಬರಿಗೊರಳು ಮುಟ್ಟಿಕೊಂಡಳು. ಅವತ್ತಿನಿಂದ ಗಂಡನ ಲೋಟಕ್ಕೆ ಹೋಗುವ ಹಾಲಿಗೆ ನೀರು ಬೆರೆಯಿತು. "ಎಮ್ಮಿ ನೋಡಾಕಷ್ಟ ದಪ್ಪ, ಹಾಲಾಗ ಜೀವ ಇಲ್ಲ," ಎಂದು ಅವನು ಕೇಳುವ ಮೊದಲೇ ಅವಳೇ ಹೇಳಿದಳು. ಬೆಣ್ಣೆ ಗುಟ್ಟಾಗಿ ಕಾಸಿ, ಸಂತೆಯ ದಿನ ಗೋಕಾವಿಗೆ ಒಯ್ದು ಕೇದಾರಿಯೆಂಬ ವ್ಯಾಪಾರಿಯ ಅಂಗಡಿಗೆ ಹಾಕುತ್ತಿದ್ದಳು. ಅದರ ಅರ್ಧ ಬೆಲೆಗೆ ಡಬ್ಬಿಯ ವನಸ್ಪತಿ ಕೊಂಡು ತಂದು, ಮಣ್ಣಿನ ಗಡಿಗೆಗೆ ಸುರಿದು, ಇದೇ ನಮ್ಮ ಎಮ್ಮೆಯ ತುಪ್ಪ ಎಂದು ಬಡಿಸುತ್ತಿದ್ದಳು. ಉಳಿದ ದುಡ್ಡು ಕೂಡಿದಾಗೊಮ್ಮೆ ಅಕ್ಕಸಾಲಿ ಪತ್ತಾರನ ಹತ್ತಿರ ಒಂದು ಬಂಗಾರದ ಗುಂಡು. ಎರಡು ವರ್ಷದಲ್ಲಿ ಹನ್ನೊಂದು ಗುಂಡು ಸೇರಿ, ಹಳೆ ಅರಿವೆಯಲ್ಲಿ ಕಟ್ಟಿಸಿಕೊಂಡು, ಜೋಳ ತುಂಬಿಡುವ ವಾಡೆಯ ತಳದಲ್ಲಿ ಮಲಗಿದ್ದವು.

ತುಪ್ಪ ಕಾಸುವುದರಲ್ಲಿ ಮಾತ್ರ ಅವಳು ಮೋಸ ಮಾಡಲಿಲ್ಲ. ಮಾಡಲು ಕೈ ಬರುತ್ತಿರಲಿಲ್ಲ. ಅವಳ ಅವ್ವ ಬೆಣ್ಣೆ ಕರಗುವಾಗ ಬೀರಪ್ಪನ ಹೆಸರು ಹೇಳಿ ಐದು ಜೋಳದ ಕಾಳು ಹಾಕುತ್ತಿದ್ದಳು. ಕಾಳು ಚಿಟಿಚಿಟಿ ಎನ್ನುತ್ತಿರುವವರೆಗೆ ತುಪ್ಪ ಹಸಿ. ಕೆಂಪಗಾಗಿ ಸುಮ್ಮನಾದ ಕೂಡಲೇ ಇಳಿಸಬೇಕು, ಒಂದು ಗಳಿಗೆ ತಡವಾದರೆ ಸೀದು ಕಂಟು ವಾಸನೆ. ಕಾಳನ್ನು ಸೋಸಿ ಚೆಲ್ಲಬಾರದು, ತಳದಲ್ಲಿ ಬಿಡಬೇಕು. ಅವ್ವನ ಹಳ್ಳಿಯ ನಾಲ್ಕು ಮನೆ ಬಿಟ್ಟರೆ ಈ ಪದ್ಧತಿ ಎಲ್ಲೂ ಇರಲಿಲ್ಲ. ಕೇದಾರಿ ಅವಳ ತುಪ್ಪವನ್ನು ಬೇರೆಯವರದರಲ್ಲಿ ಕೂಡಿಸದೆ ಬೇರೆ ಭರಣಿಯಲ್ಲೇ ಇಡುತ್ತಿದ್ದ. "ನಿನ್ನ ತುಪ್ಪಕ್ಕ ಗಿರಾಕಿ ಹಾದಿ ಕಾಯತಾವ ಬೇ," ಎಂದು ಹೇಳಿ ಎರಡಾಣೆ ಹೆಚ್ಚು ಕೊಡುತ್ತಿದ್ದ. ಯಾವ ಗಿರಾಕಿ ಎಂದು ಅವಳು ಕೇಳಿರಲಿಲ್ಲ. ಗೋಕಾವಿಯ ಸಾಹುಕಾರರ ಮನೆಗೆ ಹೋಗುತ್ತದೆ ಎಂದುಕೊಂಡಿದ್ದಳು.

ಆ ವರ್ಷ ಸುಗ್ಗಿ ಮುಗಿದ ಮೇಲೆ ಒಂದು ಸೋಮವಾರ ಕಲ್ಲಪ್ಪ ರುಮಾಲು ಸುತ್ತುವಾಗ ಶೆಟ್ಟೆವ್ವ ಎದ್ದು ಸೀರೆ ಬದಲಿಸಿದಳು.

"ಎಲ್ಲಿಗಿ?" ಎಂದ ಅವನು.

"ನಾನೂ ಬರತೀನಿ. ಆ ಕೈಯಾಗ ಏನೈತಿ ಅಂತ ಕಣ್ಣಾರೆ ನೋಡ್ತೀನಿ. ಕಲಕೊಂಡ ಬಂದರ ನಿಮಗ ಪ್ರತಿ ವಾರ ನಡಿಯೂ ತ್ರಾಸರ ತಪ್ಪತೈತಿ."

ಕಲ್ಲಪ್ಪನಿಗೆ ಖುಷಿಯಾಯಿತು. ಗಂಡಸರ ತಲೆ ಹಾಗೇ. ಹೆಂಡತಿ ಬುದ್ಧಿ ಕಲಿಯಲು ಹೊರಟಿದ್ದಾಳೆ ಎಂದು ಹಿಗ್ಗಿ, ದಾರಿಯುದ್ದಕ್ಕೂ ಹಿಡಕಲ್ಲಿನ ಹತ್ತಿರ ದೊಡ್ಡ ಒಡ್ಡು ಕಟ್ಟುತ್ತಾರಂತೆ, ಹೊಲಕ್ಕೆಲ್ಲ ನೀರು ಬರುತ್ತದಂತೆ ಎಂದು ಹೇಳುತ್ತ ನಡೆದ. ಶೆಟ್ಟೆವ್ವನ ತಲೆಯಲ್ಲಿ ಬೇರೆಯದೇ ಲೆಕ್ಕ ನಡೆದಿತ್ತು. ಅಷ್ಟು ರುಚಿ ಬರಬೇಕೆಂದರೆ ತುಪ್ಪ ಬೇಕು. ಅಷ್ಟು ತುಪ್ಪಕ್ಕೆ ದುಡ್ಡು ಬೇಕು. ಕೂಲಿ ಮಾಡುವ ಹೆಂಗಸಿಗೆ ದುಡ್ಡು ಎಲ್ಲಿಂದ? ತಮ್ಮನೇ ಕೊಡುತ್ತಿರಬೇಕು. ಅದನ್ನು ಇವತ್ತು ಹಿಡಿದೇ ಹಿಡಿಯುತ್ತೇನೆ ಎಂದು ಹಲ್ಲು ಕಚ್ಚಿಕೊಂಡಳು.

ಉದ್ದವ್ವ ಬಾಗಿಲಲ್ಲೇ ಎದುರಾದಳು. ಕೊರಳಲ್ಲಿ ಬೋರಮಾಳ. ಶೆಟ್ಟೆವ್ವನ ಕಣ್ಣು ಮೊದಲು ಹೋದದ್ದೇ ಅಲ್ಲಿಗೆ.

"ಬಾರ ತಂಗಿ, ಒಳಗ ಬಾ. ಹಾದಿ ತಪ್ಪಿ ಬಂದಿಯೇನ?" ಎಂದು ಉದ್ದವ್ವ ಕೈ ಹಿಡಿದು ಒಲೆಯ ಬಳಿ ಕೂಡಿಸಿದಳು.

ಒಳಗೆ ಕೂತು ಶೆಟ್ಟೆವ್ವ ಎಲ್ಲವನ್ನೂ ಕಣ್ಣಲ್ಲೇ ತೂಗಿದಳು. ಬುಟ್ಟಿಯಲ್ಲಿ ಹಿಟ್ಟು ತಳ ಕಂಡಿತ್ತು. ಎಣ್ಣೆಯ ಬಾಟಲಿಯಲ್ಲಿ ಎರಡು ಬೆರಳಷ್ಟು ಎಣ್ಣೆ. ಸಕ್ಕರೆಯ ಡಬ್ಬಿ ಬೋರಲಾಗಿತ್ತು. ಚಹಾದ ಸುದ್ದಿಯೇ ಬರಲಿಲ್ಲ, ಬಂದವರಿಗೆ ಬೆಲ್ಲ ನೀರು ಸಿಕ್ಕಿತು. ಒಳ್ಳೇದೇ ಆಯಿತು ಎಂದು ಒಂದು ಕ್ಷಣ ಅವಳಿಗೆ ಅನಿಸಿತು. ಅನಿಸಿದ್ದಕ್ಕೆ ನಾಚಿಕೆಯೂ ಆಗಲಿಲ್ಲ.

ಉದ್ದವ್ವ ರೊಟ್ಟಿ ಬಡಿದಳು, ಮುರಿದಳು, ಕುಟ್ಟಿದಳು. ಶೆಟ್ಟೆವ್ವ ಮಾಡುವುದಕ್ಕಿಂತ ಒಂದು ಕೂದಲಷ್ಟೂ ಬೇರೆಯಿರಲಿಲ್ಲ. ಬೆಳ್ಳುಳ್ಳಿ ಕಡಿಮೆಯೇ ಇತ್ತು. ಕೊನೆಗೆ ಮೂಲೆಯ ನೆಲುವಿನಿಂದ ಒಂದು ಸಣ್ಣ ಗಡಿಗೆ ಇಳಿಸಿ ಮುಚ್ಚಳ ತೆಗೆದಳು. ವಾಸನೆ ಬಂದದ್ದೇ ತಡ, ಶೆಟ್ಟೆವ್ವ ಕೂತಲ್ಲಿಂದಲೇ ಮುಂದಕ್ಕೆ ಬಾಗಿದಳು. ಹಡೆದ ಕೂಸಿನ ನೆತ್ತಿಯ ವಾಸನೆ ತಾಯಿಗೆ ಗೊತ್ತಾಗುವಂತೆ ಅವಳಿಗೆ ಗೊತ್ತಾಯಿತು.

"ಯಕ್ಕಾ, ತುಪ್ಪ ಎಲ್ಲಿದ?" ಎಂದಳು.

"ಗೋಕಾವ್ಯಾಗ ಕೇದಾರಿ ಅಂಗಡ್ಯಾಗ ತರತೀನವಾ. ಸಂತಿಗೊಮ್ಮಿ ಪಾವಶೇರ. ತುಟ್ಟಿ ಐತಿ, ಸುಳ್ಳ ಯಾಕ ಹೇಳಲಿ. ಅದಕ್ಕಂತನ ಚಾ ಬಿಟ್ಟೆ, ಎಲಿ ಅಡಿಕಿ ಬಿಟ್ಟೆ, ದೀಪ ಲಗೂನ ಆರಸ್ತೀನಿ. ತಮ್ಮ ಏನರ ಕೊಡಾಕ ಬಂದರ ಒಲ್ಲೆ ಅಂತೀನಿ, ಅವಗೂ ಸಂಸಾರ ಐತಿ. ಆದರ ಈ ತುಪ್ಪ ಮಾತ್ರ ಬಿಡಾಕ ಆಗವಲ್ದು." ಉದ್ದವ್ವ ಮುಟಗಿಯ ಮೇಲೆ ತುಪ್ಪ ಸುರಿದಳು. ಕೈ ಬಿಗಿ ಹಿಡಿಯಲಿಲ್ಲ. "ಯಾವ ಪುಣ್ಯಾತಗಿತ್ತಿ ಕಾಸ್ತಾಳೋ ಏನೋ, ನಾ ಆಕಿನ್ನ ಕಂಡಾಕಿ ಅಲ್ಲ. ಆಕಿ ಕೈ ತಣ್ಣಗಿರಲಿ. ಆಕಿ ಗಂಡ ನಸೀಬದಾಂವ, ದಿನಾ ಇಂಥಾ ತುಪ್ಪ ಉಣತಿರಬೇಕು."

ಆಕಿ ಗಂಡ ಅಲ್ಲೇ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಮುಟಗಿ ಮೆಲ್ಲುತ್ತಿದ್ದ. "ನೋಡಿದೇನ ಶೆಟ್ಟೆವ್ವಾ?" ಎಂದ ಬಾಯಿ ತುಂಬ. "ಇದಕ್ಕ ಅಕ್ಕನ ಕೈ ಅನ್ನೂದು."

ಉದ್ದವ್ವ ಇನ್ನೊಂದು ರೊಟ್ಟಿ ಬಡಿಯಲು ತಿರುಗಿದಾಗ ಶೆಟ್ಟೆವ್ವ ಗಡಿಗೆಯನ್ನು ಓರೆ ಮಾಡಿ ನೋಡಿದಳು. ತಳದಲ್ಲಿ ಎರಡು ಕಾಳು, ಕೆಂಪಗೆ, ಸುಮ್ಮನೆ ಕೂತಿದ್ದವು. ಅದು ನನ್ನ ತುಪ್ಪ ಎಂದು ಕೂಗಿಬಿಡಬೇಕು ಎನಿಸಿತು. ಕೂಗಿದರೆ ಮುಂದಿನ ಮಾತು ಏನು? ಎರಡು ವರ್ಷ ಗಂಡನಿಗೆ ಡಬ್ಬಿಯ ವನಸ್ಪತಿ ತಿನ್ನಿಸಿದೆ ಎನ್ನಬೇಕು, ಹಾಲಿಗೆ ನೀರು ಬೆರೆಸಿದೆ ಎನ್ನಬೇಕು, ವಾಡೆಯ ತಳದ ಹನ್ನೊಂದು ಗುಂಡು ತೆಗೆದು ತೋರಿಸಬೇಕು. ಅದೂ ಈ ಉದ್ದವ್ವನ ಮುಂದೆ, ಚಹಾ ಬಿಟ್ಟು ತಮ್ಮನಿಗೆ ತುಪ್ಪ ಹಾಕುವವಳ ಮುಂದೆ. ಅವಳ ಒಳ್ಳೆಯತನದ ಮೇಲೆ ಶೆಟ್ಟೆವ್ವನಿಗೆ ಬೋರಮಾಳದ ಮೇಲಿದ್ದದ್ದಕ್ಕಿಂತ ಹೆಚ್ಚು ಹೊಟ್ಟೆಕಿಚ್ಚು ಹುಟ್ಟಿತು. ತನ್ನ ತಾಟಿನ ಮುಟಗಿಯನ್ನು ಅವಳು ಮಣ್ಣು ನುಂಗಿದಂತೆ ನುಂಗಿದಳು. ರುಚಿಯಾಗಿತ್ತು. ಅದು ಇನ್ನೊಂದು ಉರಿ.

ಹೊರಡುವಾಗ ಉದ್ದವ್ವ ನಾಲ್ಕು ಬದನೆಕಾಯಿ, ಒಂದು ಹಿಡಿ ಬೆಳ್ಳುಳ್ಳಿ ಅರಿವೆಯಲ್ಲಿ ಕಟ್ಟಿ ಕೈಗಿಟ್ಟಳು. ಬೇಡ ಎಂದರೂ ಬಿಡಲಿಲ್ಲ.

ಮನೆಗೆ ಬಂದ ಮೇಲೆ ಎರಡು ದಿನ ಶೆಟ್ಟೆವ್ವ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಎಮ್ಮೆಗೂ ಬೈದಳು. ತನ್ನ ಕೈಯ ತುಪ್ಪಕ್ಕೆ ತಾನೇ ಸವತಿಯಾಗಿ ಕೂತಿದ್ದಳಲ್ಲ, ಬೈಯುವುದಾದರೂ ಯಾರಿಗೆ? ಕೊನೆಗೆ ಸಂತೆಯ ಹಿಂದಿನ ದಿನ ಬೆಣ್ಣೆ ಕಾಸುವಾಗ ಒಂದು ನಿರ್ಧಾರಕ್ಕೆ ಬಂದಳು. ಬೋರಮಾಳ ಹಾಳಾಗಿ ಹೋಗಲಿ. ಹನ್ನೊಂದು ಗುಂಡು ಹನ್ನೊಂದೇ ಇರಲಿ. ಈ ವಾರದ ತುಪ್ಪ ಗೋಕಾವಿಗೆ ಹೋಗುವುದಿಲ್ಲ. ಈ ಮನೆಯಲ್ಲಿ, ಈ ತಾಟಿನಲ್ಲಿ ಬೀಳುತ್ತದೆ. ಅವನು ಕಣ್ಣು ಮುಚ್ಚಿ ತಿನ್ನುವುದನ್ನು ಎದುರಿಗೆ ಕೂತು ನೋಡುತ್ತೇನೆ. ಸೋಮವಾರ ಮೇಲವಂಕಿಯಲ್ಲಿ ಗಡಿಗೆ ಬರಿದಾಗಿರುತ್ತದೆ, ಆಗ ಗೊತ್ತಾಗಲಿ ಯಾರ ಕೈ ಯಾವುದು ಎಂದು.

ಸಂತೆಯ ದಿನ ಅವಳು ಗೋಕಾವಿಗೆ ಹೋಗಲಿಲ್ಲ. ಮಧ್ಯಾಹ್ನ ಕಲ್ಲಪ್ಪ ಹೊಲದಿಂದ ಬರುವಷ್ಟರಲ್ಲಿ ರೊಟ್ಟಿ ಬಡಿದು, ಮುಟಗಿ ಕುಟ್ಟಿ, ಬೆರಳ ಸಂದಿಯಿಂದ ಇಳಿಯುವಷ್ಟು ತುಪ್ಪ ಸುರಿದು ಉಂಡೆ ಕಟ್ಟಿದಳು. ತಾಟು ಮುಂದಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಎದುರಿಗೆ ಕೂತಳು. ಮದುವೆಯಾದ ಹೊಸದರಲ್ಲೂ ಅವಳು ಹಾಗೆ ಕೂತಿರಲಿಲ್ಲ.

ಕಲ್ಲಪ್ಪ ಒಂದು ತುತ್ತು ಬಾಯಿಗಿಟ್ಟ. ಅಗಿಯುವುದು ನಿಲ್ಲಿಸಿದ. ಇನ್ನೊಂದು ತುತ್ತು ಇಟ್ಟ. ಕಣ್ಣು ಮುಚ್ಚಿದ.

"ಅಕ್ಕ ಕಟ್ಟಿ ಕೊಟ್ಟಾಳೇನ ತುಪ್ಪ?" ಎಂದ ಅವನು. "ಬದನಿಕಾಯಿ ಗಂಟಿನಾಗ ಇತ್ತೇನ?"

"ಇಲ್ಲರಿ. ನಂದು. ನಮ್ಮ ಎಮ್ಮಿದು."

ಕಲ್ಲಪ್ಪ ನಕ್ಕುಬಿಟ್ಟ. ಕುಹಕದ ನಗೆಯಲ್ಲ. ಹುಡುಗರು ಸುಳ್ಳು ಹೇಳಿದಾಗ ದೊಡ್ಡವರು ನಗುವ ನಗೆ. "ನಮ್ಮ ಎಮ್ಮಿ ಹಾಲಾಗ ಜೀವ ಇಲ್ಲ ಅಂತ ಎರಡ ವರಸ ನೀನ ಹೇಳಿಕೋತ ಬಂದಿ. ದಿನಾ ಉಣತೀನಲ್ಲ, ನನಗ ಗೊತ್ತಿಲ್ಲೇನ ನಮ್ಮ ಎಮ್ಮಿ ತುಪ್ಪ? ಹೋಗಲಿ ಬಿಡ. ಅಕ್ಕನ ಮ್ಯಾಲೆ ಇಷ್ಟ ಹೊಟ್ಟಿಕಿಚ್ಚ ಒಳ್ಳೇದಲ್ಲ. ಪಾಪ, ತಾನು ಉಪಾಸ ಇದ್ದು ನಮಗ ಕೊಟ್ಟಾಳ."

ಶೆಟ್ಟೆವ್ವ ಅತ್ತ ತಿರುಗಿ ನೋಡಿದಳು. ಮೂಲೆಯಲ್ಲಿ ವನಸ್ಪತಿಯ ಗಡಿಗೆ ಇತ್ತು, ವಾಡೆಯ ತಳದಲ್ಲಿ ಗುಂಡಿನ ಗಂಟು ಇತ್ತು. ಎರಡನ್ನೂ ತಂದು ಅವನ ಮುಂದೆ ಇಟ್ಟರೆ ತುಪ್ಪ ಅವಳದಾಗುತ್ತಿತ್ತು, ಗಂಡ ಅವಳವನಾಗಿ ಉಳಿಯುತ್ತಿದ್ದನೋ ಇಲ್ಲವೋ. ಅವಳು ಅವನ ತಾಟಿಗೆ ಇನ್ನೊಂದು ಉಂಡೆ ಇಟ್ಟಳು.

ಕಲ್ಲಪ್ಪನ ಹಲ್ಲಿಗೆ ಏನೋ ಕಟಕ್ಕೆಂದಿತು. ನಾಲಗೆಯ ತುದಿಯಿಂದ ತೆಗೆದು ಬೆಳಕಿಗೆ ಹಿಡಿದು ನೋಡಿದ.

"ಜ್ವಾಳದ ಕಾಳ. ಅಲ್ಲಿನೂ ಒಮ್ಮೊಮ್ಮಿ ಹಿಂಗ ಹಲ್ಲಿಗಿ ಸಿಗತೈತಿ. ಅಕ್ಕಗ ಕಣ್ಣ ಮಂಜ ಆಗ್ಯಾವ, ಸೋಸೂದು ತಿಳಿಯಂಗಿಲ್ಲ," ಎಂದು ತಾಟಿನ ಅಂಚಿಗೆ ಒರೆಸಿದ. "ಸೋಮವಾರ ಹೋದಾಗ ಹೇಳತೀನಿ."

ಶೆಟ್ಟೆವ್ವ ಕೈ ಚಾಚಿ ಆ ಕಾಳನ್ನು ಎತ್ತಿಕೊಂಡಳು.

"ಹೇಳಬ್ಯಾಡ್ರಿ," ಎಂದಳು. "ಕಾಸಿದಾಕಿ ಬೇಕಂತನ ಬಿಟ್ಟಿರತಾಳ."