ಬೊಂಬೆಯ ಬೆನ್ನು

ವಿದೇಶದ ಬೇಸಿಗೆ ಕೋರ್ಸಿಗೆ ಆಸ್ಪತ್ರೆಯಿಂದ ಆಯ್ಕೆಯಾದವಳು ಅವಳೊಬ್ಬಳೇ. ಅಂದಿನಿಂದ ಮನೆಯವರು ಅವಳನ್ನು ನರ್ಸಮ್ಮ ಎನ್ನುವುದು ಬಿಟ್ಟು ಫಾರಿನ್ ನರ್ಸಮ್ಮ ಎನ್ನತೊಡಗಿದರು. ಕೋರ್ಸಿನ ವಿಷಯ, ಹಾಸಿಗೆ ಹಿಡಿದವರ ಆರೈಕೆ. ಮನೆಯಲ್ಲೇ ಅಂಥವರೊಬ್ಬರಿದ್ದರು: ಅವಳನ್ನೂ ಅಣ್ಣನನ್ನೂ ಸಾಕಿ ಓದಿಸಿದ ದೊಡ್ಡಮ್ಮ. ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋಗಿದ್ದವು. ನಾಲಿಗೆಗೆ ಮಾತ್ರ ಏನೂ ಆಗಿಲ್ಲ ಎಂಬುದು ಅತ್ತಿಗೆಯ ದೂರು.

“ನೋಡಿಕೊಳ್ಳೋದು ಬಿಟ್ಟು, ಹೇಗೆ ನೋಡಿಕೊಳ್ಳಬೇಕು ಅಂತ ಕಲಿಯೋಕೆ ಹೊರಟಳಲ್ಲ,” ಎಂದರು ದೊಡ್ಡಮ್ಮ.

“ಕಲಿತು ಬಂದರೆ ನಿನಗೇ ಅಲ್ವಾ ಅನುಕೂಲ,” ಎಂದ ಅಣ್ಣ.

ಹೊರಡುವ ಮುಂಚೆ ಅವಳು ಅತ್ತಿಗೆಗೆ ತೋರಿಸಿಕೊಟ್ಟಳು: ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು, ಬೆನ್ನಿಗೆ ದಿಂಬು ಕೊಡಬೇಕು. ಅತ್ತಿಗೆ ಗೊಣಗಿದಳು, ಆದರೆ ಮಾಡಿದಳು. ಕಂಕುಳಿಗೆ ಕೈ ಹಾಕಿ ದರದರ ಎಳೆದು ಹೊರಳಿಸುತ್ತಿದ್ದಳು. ದೊಡ್ಡಮ್ಮ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಬೆನ್ನು ಚೆನ್ನಾಗಿತ್ತು.

ಅಲ್ಲಿ ಕ್ಲಾಸಿನಲ್ಲಿದ್ದದ್ದು ರಬ್ಬರಿನ ಬೊಂಬೆ, ಬಿಳಿಗೂದಲಿನ ಅಜ್ಜಿ. ಅದನ್ನು ಮುಟ್ಟುವ ಮುಂಚೆ, “ನಿಮ್ಮನ್ನು ಈ ಕಡೆ ಹೊರಳಿಸಲಾ?” ಎಂದು ಕೇಳಿ ಉತ್ತರಕ್ಕೆ ಕಾಯಬೇಕು. ಕಾಯದವರ ಅಂಕಕ್ಕೆ ಕತ್ತರಿ. ಬೊಂಬೆ ಒಮ್ಮೆಯೂ ಬೇಡ ಎನ್ನಲಿಲ್ಲ. ಅಷ್ಟು ಸಭ್ಯ ರೋಗಿಯನ್ನು ಅವಳು ತನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ.

ಒಂದು ಸಂಜೆ ವಿಡಿಯೋ ಕಾಲ್ ಮಾಡಿ ಉತ್ಸಾಹದಿಂದ ಹೇಳಿದಳು: “ಅಣ್ಣಾ, ನಾವು ಇಷ್ಟು ದಿನ ಮಾಡಿದ್ದೆಲ್ಲ ತಪ್ಪು. ಹಾಗೆ ಎಳೀಲೇಬಾರದು, ಚರ್ಮ ಒಳಗಿಂದ ಹರಿಯುತ್ತೆ. ಮೈ ಕೆಳಗೆ ಜಾರೋ ಬಟ್ಟೆ ಹಾಕಿ ಸರಿಸಬೇಕು. ಬರ್ತಾ ತರ್ತೀನಿ.”

ಅಣ್ಣ ವಿದ್ಯೆಗೆ ಮರ್ಯಾದೆ ಕೊಡುವ ಮನುಷ್ಯ. ಫೋನ್ ಇಟ್ಟವನೇ ಹೆಂಡತಿಗೆ, “ಕೇಳಿದೆಯಲ್ಲ? ಇನ್ನು ಕೈ ಹಚ್ಚಬೇಡ. ಅವಳೇ ಬಂದು ಸರಿಯಾಗಿ ಮಾಡಲಿ,” ಎಂದ. ಅತ್ತಿಗೆಗೆ ಸೊಂಟ ನೋವಿತ್ತು. ಗಂಡನ ಮಾತನ್ನು ಅವಳು ಎದುರಾಡದೆ ಒಪ್ಪಿದ್ದು ಮದುವೆಯಾದ ಮೇಲೆ ಅದೇ ಮೊದಲು.

ಬೆನ್ನು ಉರಿಯುತ್ತದೆ ಎಂದರು ದೊಡ್ಡಮ್ಮ. “ಸ್ವಲ್ಪ ತಡ್ಕೋ, ಫಾರಿನ್ ನರ್ಸಮ್ಮ ಬರ್ತಾಳೆ. ಪರೀಕ್ಷೆ ಹೊತ್ತಲ್ಲಿ ಅವಳ ತಲೆ ಕೆಡಿಸಬೇಡ,” ಎಂದ ಅಣ್ಣ. ಜನ್ಮದಲ್ಲಿ ಬಾಯಿ ಮುಚ್ಚದ ದೊಡ್ಡಮ್ಮ ಆಗ ಮುಚ್ಚಿದರು. ಫೋನಿನಲ್ಲಿ ಮುಖವಷ್ಟೇ ಕಾಣುತ್ತಿತ್ತು.

“ನಿನ್ನ ಬೊಂಬೆ ಹೇಗಿದಾಳೆ?”

“ಚೆನ್ನಾಗಿದಾಳೆ ದೊಡ್ಡಮ್ಮ.”

“ಬೆನ್ನು?”

“ಅವಳಿಗೇನಾಗುತ್ತೆ, ರಬ್ಬರು.”

ಇಬ್ಬರೂ ನಕ್ಕರು.

ಕೋರ್ಸಿಗೇ ಮೊದಲಿಗಳಾಗಿ ಅವಳು ಮನೆಗೆ ಬಂದಳು. ಅತ್ತಿಗೆ ಕೋಣೆಗೆ ಧಾರಾಳವಾಗಿ ಫಿನಾಯಿಲ್ ಹಾಕಿದ್ದಳು. ಅದರಡಿಯ ವಾಸನೆ ಯಾವುದೆಂದು ನರ್ಸಿಗೆ ಹೊಸಿಲಲ್ಲೇ ತಿಳಿಯಿತು. ಬ್ಯಾಗಿನಿಂದ ಜಾರುವ ಬಟ್ಟೆ ತೆಗೆದು ಮಂಚದ ಹತ್ತಿರ ಹೋದಳು. ಬಾಯಿ ತಂತಾನೇ ಕೇಳಿತು:

“ನಿಮ್ಮನ್ನು ಈ ಕಡೆ ಹೊರಳಿಸಲಾ?”

“ನನಗೆ ನೀವು ಅನ್ನೋದನ್ನ ಯಾವಾಗ ಕಲಿತೆ?” ಎಂದರು ದೊಡ್ಡಮ್ಮ. ಆಮೇಲೆ ಮೆಲ್ಲಗೆ, “ಬೇಡ ಕಣೇ. ನೋಡಬೇಡ.”

ಅವಳು ಕಾಯಲಿಲ್ಲ, ಎರಡೂ ಕೈಯಲ್ಲಿ ಹಿಡಿದು ಹೊರಳಿಸಿದಳು. ಸೊಂಟದ ಕೆಳಗೆ ಮುಷ್ಟಿ ಹಿಡಿಸುವಷ್ಟು ಗುಳಿ, ತಳದಲ್ಲಿ ಬೆಳ್ಳಗೆ ಮೂಳೆ.

“ನೀನೇ ಹೇಳಿದ್ದಲ್ವಾ, ಎಳೀಬಾರದು ಅಂತ. ಅವತ್ತಿಂದ ನಾವು ಒಂದು ಬೆರಳೂ ತಾಗಿಸಿಲ್ಲ,” ಎಂದಳು ಅತ್ತಿಗೆ. ಮಾತಿನಲ್ಲಿ ಕಪಟವಿರಲಿಲ್ಲ. ಹೇಳಿದ್ದನ್ನು ಅಚ್ಚುಕಟ್ಟಾಗಿ ಪಾಲಿಸಿದವರ ಸಮಾಧಾನವಿತ್ತು.

“ಈಗ ಬಂದೆಯಲ್ಲ,” ಎಂದ ಅಣ್ಣ. “ನೀನು ಮಾಡು, ನಾವು ನೋಡಿ ಕಲೀತೀವಿ.”

ಅವಳು ಆಂಬುಲೆನ್ಸಿಗೆ ಫೋನ್ ಮಾಡಿದಳು. ನಂಜು ರಕ್ತಕ್ಕೆ ಏರಿತ್ತು. ದೊಡ್ಡಮ್ಮ ಆಸ್ಪತ್ರೆಯಿಂದ ಜೀವಂತವಾಗಿ ಮರಳಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಅತ್ತಿಗೆ ಕೋಣೆ ಗುಡಿಸುತ್ತ, ಮಂಚದ ಮೇಲೆ ಮಡಿಕೆ ಬಿಚ್ಚದೆ ಬಿದ್ದಿದ್ದ ಬಟ್ಟೆಯನ್ನು ಎತ್ತಿ ಸವರಿ ನೋಡಿದಳು.

“ಎಷ್ಟು ನುಣುಪಾಗಿದೆ,” ಎಂದಳು. “ಬಿಸಾಡೋಕೆ ಮನಸ್ಸು ಬರಲ್ಲ. ಎತ್ತಿಡ್ತೀನಿ, ಮನೆ ಅಂದಮೇಲೆ ಯಾರಿಗಾದರೂ ಬೇಕಾಗುತ್ತೆ.”