ಬೆಟ್ಟಮ್ಮನ ಸರದಿ

"ಲೇ ಕುಳ್ಳ, ನೀರೇನ್ ನಿಮ್ಮಪ್ಪ ತಂದು ಉಯ್ದಿದ್ದೇನ್ಲಾ? ಮುಚ್ಚು ಅಂದ್ರೆ ಮುಚ್ಚಬೇಕು. ಬೋಳಿಮಗ, ನನಗೇ ಸರದಿ ಯೋಳ್ಕೊಡಾಕ್ ಬತ್ತಾನೆ!"

ಹೊನ್ನಪ್ಪ ನಾಲೆ ಏರಿಯ ಮೇಲೆ ಬೈಕಿನಿಂದ ಇಳಿಯದೇ ಕೂಗುತ್ತಿದ್ದ. ಹೆಗಲ ಮೇಲೆ ಹೊಸ ಟವಲ್ಲು, ಅದರ ಅಂಚಿನಲ್ಲಿ ಪಕ್ಷದ ಗುರುತು ನೊಗ. ಕೆಳಗೆ ಮೊಣಕಾಲುದ್ದ ನೀರಿನಲ್ಲಿ ನಿಂತು ನೀರಗಂಟಿ ಕುಳ್ಳಯ್ಯ ತೂಬಿನ ಬಾಯಿಗೆ ಸಿಕ್ಕಿಕೊಂಡಿದ್ದ ಕಸ ಕೀಳುತ್ತಿದ್ದ.

"ನಾಳಿದ್ದು ಕಡೇ ಗದ್ದೆ ಸರದಿ ಬುದ್ದಿ. ಬೆಟ್ಟಮ್ಮಂದು, ಇನ್ನು ಹತ್ತು ಮನೇದು. ಪೈರು ಹಾಲ್ದುಂಬ್ತಾ ಅದೆ. ಈಗ ನೀರ್ ತಪ್ಪುದ್ರೆ ಪೂರಾ ಜಳ್ಳು."

"ನಾಳಿದ್ದೇ ಕಣ್ಲಾ ರೈತರ ಸಮಾವೇಶ! ನಾಗಮಂಗ್ಲ, ಕೇಆರ್ ಪೇಟೆ, ಪಾಂಡವಪುರ, ಎಲ್ಲಾ ಕಡೆಯಿಂದ ಲಾರಿಗಟ್ಲೆ ಜನ ಬತ್ತಾವ್ರೆ. ಗದ್ದೆ ಕೆಸರಾದ್ರೆ ದೊಡ್ಡೋರು ಕಾರು ಎಲ್ ನಿಲ್ಸ್ತಾರೆ, ನಿನ್ ತಲೆ ಮೇಲಾ? ಸಮಾವೇಶ ಮುಗೀಲಿ, ಆಮ್ಯಾಕೆ ನೋಡಾನ."

ಆಮೇಲೆ ನೋಡುವುದಕ್ಕೆ ಏನೂ ಇರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಸರದಿ ಬರುವುದು ಹತ್ತು ದಿನಕ್ಕೊಮ್ಮೆ. ಕಡೇ ಗದ್ದೆಯವರ ದಿನ ದಾಟಿದರೆ ಮರುದಿನ ಮೇಲಿನ ಗದ್ದೆಯವರದು. ಅವರು ಒಂದು ಹನಿ ಬಿಟ್ಟುಕೊಡುವ ಪೈಕಿ ಅಲ್ಲ, ಎಂಜಲ ಕೈಯಲ್ಲಿ ಕಾಗೆ ಓಡಿಸದ ಜನ. ಅದೂ ಅಲ್ಲದೆ ಕಡೇ ಗದ್ದೆಗೆ ಹೋಗುವ ಕಾಲುವೆ ಹಾಯುವುದು ಹೊನ್ನಪ್ಪನ ಮೂರೆಕರೆಯ ನಡುವಿನಿಂದ. ಅಲ್ಲಿ ಕಬ್ಬು ಕಡಿಸಿ, ಟ್ರಾಕ್ಟರು ಬಿಟ್ಟು, ಪೆಂಡಾಲು ಹಾಕಲು ನೆಲ ಸಮ ಮಾಡಿಸಿದ್ದ. ಕಾಲುವೆಯನ್ನೂ ಮಣ್ಣು ತುಂಬಿ ಮುಚ್ಚಿಸಿಬಿಟ್ಟಿದ್ದ. ಅಜ್ಜನ ಕಾಲದ ಕಾಲುವೆ!

ಹಾಗಾದರೆ ಹೊನ್ನಪ್ಪ ತಾನೇ ಇಳಿದು ತೂಬಿನ ಹಲಗೆ ಇಳಿಸಬಹುದಿತ್ತಲ್ಲ? ಇಳಿಸುವ ಹಾಗಿಲ್ಲ. ಅರಕೆರೆ ಕಡೆಯ ಆ ಊರಲ್ಲಿ ತೂಬಿನ ಹಲಗೆಯನ್ನು ಗದ್ದೆ ಇರುವವನು ಮುಟ್ಟಬಾರದು. ಎಂಥ ದೊಡ್ಡ ಕುಳವಾದರೂ ಸರಿಯೇ, ಮುಟ್ಟಿದರೆ ಊರ ಮುಂದೆ ತಪ್ಪುಕಾಣಿಕೆ ಕಟ್ಟಬೇಕು. ಹಲಗೆ ಎತ್ತುವುದು, ಇಳಿಸುವುದು ನೀರಗಂಟಿಯ ಕೈ ಮಾತ್ರ. ಆ ಕೆಲಸ ಹಿಡಿಯುವ ದಿನ ಅವನು ಹರಿಯುವ ನೀರಲ್ಲಿ ಕೈಯಿಟ್ಟು ಸರದಿ ತಪ್ಪಿಸುವುದಿಲ್ಲ ಎಂದು ಆಣೆ ಮಾಡುತ್ತಾನೆ. ಕುಳ್ಳಯ್ಯನೂ ಮಾಡಿದ್ದ, ಅವನಪ್ಪನೂ ಮಾಡಿದ್ದ. ಆ ಕೈ ಮುಟ್ಟಿದ ನೀರು ಊರಿಗೆಲ್ಲ ಆಗುತ್ತದೆ, ಆ ಕೈ ಮುಟ್ಟಿದ ಲೋಟ ಮಾತ್ರ ಆಗುವುದಿಲ್ಲ. ಥೂ!

ಹೊನ್ನಪ್ಪ ಬೈಕು ತಿರುಗಿಸಿದ. "ಮುಚ್ಬುಟ್ಟು ಬಾ. ಕೆಂಪಣ್ಣ ನಿಂಗೆ ಬಿಳೀ ಅಂಗಿ ಮಡಗವ್ನೆ. ನಾಳಿದ್ದು ನೀನೂ ಸ್ಟೇಜ್ ಮೇಲೆ."

ಕುಳ್ಳಯ್ಯ ಹಲಗೆ ಇಳಿಸಿದ. ಯಾಕೆ ಇಳಿಸಿದೆ ಎಂದು ಅವನನ್ನು ಕೇಳಿದರೆ ಜೈಲಿನ ಋಣ ಎನ್ನುತ್ತಿದ್ದನೇನೋ.

ಎರಡು ವರ್ಷದ ಹಿಂದೆ ಕಬ್ಬಿನ ಬೆಲೆಗಾಗಿ ಕಿರಂಗೂರಿನ ಹತ್ತಿರ ರಸ್ತೆಗೆ ಅಡ್ಡ ಮಲಗಿದವರಲ್ಲಿ ಕುಳ್ಳಯ್ಯನೂ ಒಬ್ಬ. ಅವನಿಗೆ ಒಂದು ಜಲ್ಲೆ ಕಬ್ಬೂ ಇರಲಿಲ್ಲ. "ರೈತರು ಗೆದ್ರೆ ಎಲ್ರೂ ಗೆದ್ದಂಗೆ ಕಣ್ಲಾ" ಅಂದಿದ್ದ ಹೊನ್ನಪ್ಪ, ಅದಕ್ಕೇ ಇವನು ಹೋಗಿದ್ದ. ಲಾಠಿ ಏಟಿಗೆ ಎಡಗೈಯ ಎರಡು ಬೆರಳು ಸೊಟ್ಟಗಾದವು. ಹನ್ನೊಂದು ದಿನ ಜೈಲು. ಅಲ್ಲಿ ತಟ್ಟೆ ಸಾಲದೆ ಹೊನ್ನಪ್ಪನೂ ಅವನೂ ಒಂದೇ ತಟ್ಟೆಯಲ್ಲಿ ಮುದ್ದೆ ಮುರಿದಿದ್ದರು. "ನೀನು ನನ್ ತಮ್ಮ ಕಣ್ಲಾ ಕುಳ್ಳ" ಎಂದು ಹೊನ್ನಪ್ಪ ಕಣ್ಣಲ್ಲಿ ನೀರು ಹಾಕಿಕೊಂಡಿದ್ದ. ಬಿಡುಗಡೆಯಾಗಿ ಊರಿಗೆ ಬಂದ ದಿನ ಅವನ ಹೆಂಡತಿ ಜಯಲಕ್ಷ್ಮಮ್ಮ ಗಂಡನನ್ನು ಬಾಗಿಲಲ್ಲೇ ನಿಲ್ಲಿಸಿ, ತಲೆಯಿಂದ ಕಾಲಿನವರೆಗೂ ಸಗಣಿ ನೀರು ಚಿಮುಕಿಸಿ ಒಳಗೆ ಕರೆದುಕೊಂಡಿದ್ದಳು. ಅವನು ಕತ್ತು ಬಗ್ಗಿಸಿ ಹಾಕಿಸಿಕೊಂಡ. ಕುಳ್ಳಯ್ಯ ಬೀದಿಯಲ್ಲಿ ನಿಂತು ನೋಡಿದ. ಆ ಚಳವಳಿಯೇ ಮುಂದೆ ಪಕ್ಷವಾಯಿತು, ಈಗ ಚುನಾವಣೆಗೆ ನಿಂತಿದೆ. ಹೊಳೆ ದಾಟಿದ ಮೇಲೆ ಅಂಬಿಗ ಮಿಂಡ ಅನ್ನುತ್ತಾರಲ್ಲ, ಇವರು ಇನ್ನೂ ಹೊಳೆ ದಾಟಿಯೇ ಇರಲಿಲ್ಲ.

ಮರುದಿನ ಬೆಟ್ಟಮ್ಮ ಒಂದು ತೆನೆ ಕಿತ್ತುಕೊಂಡು ಅವನ ಮನೆ ಬಾಗಿಲಿಗೆ ಬಂದಳು. ಗಂಡ ಸತ್ತ ಮೇಲೆ ಮುಕ್ಕಾಲೆಕರೆಯನ್ನು ಒಬ್ಬಳೇ ಗೇಯ್ದ ಮುದುಕಿ. ಹಸಿ ಕಾಳೊಂದನ್ನು ಅವನ ಅಂಗೈ ಮೇಲಿಟ್ಟು ಉಗುರಿನಿಂದ ಒತ್ತಿದಳು. ತೆಳ್ಳಗೆ ಹಾಲು ಬಂತು.

"ನೋಡ್ಲಾ. ಬಸುರಿ ಹೊಟ್ಟೆ ಒದ್ದಂಗಾಯ್ತದೆ ಈಗ ನೀರ್ ನಿಲ್ಸುದ್ರೆ."

"ನಾನೇನ್ ಮಾಡ್ಲಿ ದೊಡ್ಡವ್ವ, ಗೌಡ್ರು..."

"ಗೌಡನ ಮಾತ ನನ್ತಾವ ಆಡ್ಬ್ಯಾಡ. ಸುಗ್ಗೀಲಿ ನಿಂಗೆ ಒಂದು ಕೊಳಗ ಬತ್ತ ಅಳ್ದು ಕೊಡ್ತೀನಲ್ಲ, ಏನ್ಕಲಾ ಕೊಡದು? ನಿನ್ ಮುಸುಡಿ ನೋಡಾಕಾ? ನೀರಲ್ಲಿ ಕೈ ಮಡಗಿ ಆಣೆ ಮಾಡ್ದೋನು ನೀನು. ನಾಳೆ ನನ್ ಸರದಿ. ನಾನು ಗುದ್ದಲಿ ತಕಂಡು ಕಾಯ್ತಿರ್ತೀನಿ, ಬುಡಾದಾದ್ರೆ ಬುಡು, ಇಲ್ದಿದ್ರೆ ಆ ಬಿಳೀ ಅಂಗಿ ಹಾಕ್ಕಂಡು ಕುಣಿ ಓಗು."

ಅವಳು ಹೋದ ಮೇಲೆ ಒಲೆ ಮುಂದೆ ಕೂತಿದ್ದ ಹೆಂಡತಿ ಪಾರ್ವತಮ್ಮ ತಿರುಗಿ ನೋಡಲಿಲ್ಲ. "ಆವಮ್ಮ ಅಂದಿದ್ರಲ್ಲಿ ಏನ್ ತಪ್ಪದೆ?" ಎಂದಷ್ಟೇ ಹೇಳಿದಳು.

ಸಮಾವೇಶದ ದಿನ ಹೊತ್ತು ಏರುವಷ್ಟರಲ್ಲಿ ಲಾರಿ, ಟ್ರಾಕ್ಟರು, ಎತ್ತಿನಗಾಡಿಗಳಲ್ಲಿ ಜನ ಬಂದು ಸುರಿಯಿತು. ಪೆಂಡಾಲಿನೊಳಗೆ ಮುಂದೆ ಕೆಂಪು ಜಮಖಾನ, ಅದರ ಮೇಲೆ ಕುರ್ಚಿ. ಹಿಂದೆ ಬರೀ ನೆಲ. ಕುಳ್ಳಯ್ಯನಿಗೆ ಜನರೇಟರಿನ ಹೊಗೆ ಬರುವ ಕಡೆ, ಸ್ಟೇಜಿನ ಬೆನ್ನಿಗೆ ಜಾಗ ತೋರಿಸಿದರು. ಹೊನ್ನಪ್ಪನ ಬಲಗೈ ಕೆಂಪಣ್ಣ ಸೇವಂತಿಗೆ ಹಾರವೊಂದನ್ನು ಅವನ ಕೈಗೆ ಕೊಟ್ಟ.

"ನಿನ್ ಹೆಸ್ರು ಕೂಗ್ತಾರೆ. ಸ್ಟೇಜ್ ಹತ್ತು. ಹಾರ ಹಿಡ್ಕಂಡು ನಿಂತ್ಕೊ, ಫೋಟೋ ತಗೀತಾರೆ. ಆಮ್ಯಾಕೆ ನನ್ ಕೈಗೆ ಕೊಡು. ದೊಡ್ಡೋರ ಕತ್ತಿಗೆ ನೀನೇ ಹಾಕಾಕ್ ಓಗ್ಬ್ಯಾಡ, ತಿಳೀತಾ? ಕೈ ತೊಳ್ಕಂಡಿದ್ದೀಯಾ?"

"ನೀರಗಂಟಿ ಕಣಣ್ಣ. ದಿನಾ ನೀರಲ್ಲೇ ಇರ್ತದೆ ಕೈ."

"ಉದ್ದ ಮಾತಾಡ್ಬ್ಯಾಡ ನನ್ಮಗನೆ."

ಸ್ಟೇಜಿನ ಮೇಲೆ ಹೊನ್ನಪ್ಪ ಮೈಕು ಹಿಡಿದಿದ್ದ. "ಅಣ್ತಮ್ಮಂದಿರೇ, ನಮ್ಮದು ಹಳ್ಳಿ ಪಕ್ಷ. ಮಣ್ಣಿನ ಪಕ್ಷ. ಇಲ್ಲಿ ಮೇಲು ಕೀಳು ಇಲ್ಲ. ಬೇಕಿದ್ದರೆ ನೋಡಿ, ನಮ್ಮೂರ ನೀರಗಂಟಿ ಕುಳ್ಳಯ್ಯ! ಜೈಲಿನಲ್ಲಿ ನಾನೂ ಅವನೂ ಒಂದೇ ತಟ್ಟೆಯಲ್ಲಿ ಉಂಡವರು!"

ಚಪ್ಪಾಳೆ ಬಿತ್ತು. ಕುಳ್ಳಯ್ಯ ಹತ್ತಿ ಹಾರ ಹಿಡಿದು ನಿಂತ. ಫೋಟೋ ತೆಗೆದರು. ಪಕ್ಷದ ದೊಡ್ಡವರು ಕುರ್ಚಿಯಲ್ಲಿ ಕೂತಲ್ಲೇ ಹಲ್ಲು ಬಿಟ್ಟರು. ಕೆಂಪಣ್ಣ ಹಾರ ಇಸಿದುಕೊಂಡು ಪರದೆಯ ಹಿಂದಕ್ಕೆ ಸರಿದ. ಅಲ್ಲಿ ಚೊಂಬು ಇತ್ತು. ನೀರು ತೆಗೆದು ಹಾರದ ಮೇಲೆ ಮೂರು ಸಲ ಚಿಮುಕಿಸಿ ಕೊಡವಿ, ದೊಡ್ಡವರ ಕತ್ತಿಗೆ ಹಾಕಲು ಹೊನ್ನಪ್ಪನ ಕೈಗೆ ಕೊಟ್ಟ. ಜನಕ್ಕೆ ಕಾಣಲಿಲ್ಲ. ಮೆಟ್ಟಿಲಿಳಿಯುತ್ತಿದ್ದ ಕುಳ್ಳಯ್ಯನಿಗೆ ಚೆನ್ನಾಗಿ ಕಂಡಿತು. ಇವನು ತೂಬಿನಿಂದ ಬಿಟ್ಟ ನೀರೇ ಇರಬೇಕು ಅದು, ಇನ್ನೆಲ್ಲಿಂದ ಬರುತ್ತೆ ಆ ಊರಿಗೆ?

ಕುಳ್ಳಯ್ಯ ಜನರೇಟರಿನ ಪಕ್ಕ ಕ್ಯಾಕರಿಸಿ ಉಗಿದ. ಬಿಳೀ ಅಂಗಿ ಬಿಚ್ಚಿ ಬೇಲಿ ಮೇಲೆ ಎಸೆದ. ಓಡಲಿಲ್ಲ, ದಿನಾ ಸರದಿಗೆ ಹೋಗುವ ಹಾಗೆಯೇ ನಾಲೆ ಏರಿ ಹತ್ತಿದ. ನೀರಿಗಿಳಿದು, ಸೊಟ್ಟ ಬೆರಳಿನ ಕೈಯನ್ನು ಒಂದು ಗಳಿಗೆ ಅದರಲ್ಲೇ ಇಟ್ಟುಕೊಂಡಿದ್ದ. ಆಮೇಲೆ ಹಲಗೆ ಎತ್ತಿದ. ಅರ್ಧಕ್ಕೆ ನಿಲ್ಲಿಸಲಿಲ್ಲ, ಪೂರಾ ಕಿತ್ತು ಹೆಗಲ ಮೇಲೆ ಹೊತ್ತುಕೊಂಡ.

ನೀರು ಹಳೇ ಕಾಲುವೆ ಹುಡುಕಿಕೊಂಡು ಬಂತು. ಮುಚ್ಚಿದ ಜಾಗಕ್ಕೆ ಬಂದಾಗ ಒಂದಿಷ್ಟು ಹೊತ್ತು ನಿಂತು ತುಂಬಿತು, ಆಮೇಲೆ ಅಗಲವಾಗಿ ಪೆಂಡಾಲಿನೊಳಕ್ಕೆ ನುಗ್ಗಿತು. ಮೊದಲು ನೆಲದಲ್ಲಿ ಕೂತವರು ಎದ್ದರು. ಜಮಖಾನ ಕಪ್ಪಾಯಿತು. ಕುರ್ಚಿಯವರು ಚಪ್ಪಲಿ ಕೈಯಲ್ಲಿ ಹಿಡಿದರು. ಕಾರುಗಳ ಚಕ್ರ ಕೆಸರಲ್ಲಿ ಹೂತುಕೊಂಡವು.

"ಯಾವನ್ಲಾ ತೂಬು ಬುಟ್ಟೋನು? ಮುಚ್ರಲಾ!" ಹೊನ್ನಪ್ಪ ಮೈಕು ಬಿಟ್ಟಿರಲಿಲ್ಲ, ಊರಿಗೆಲ್ಲ ಕೇಳಿಸಿತು. ಕೆಂಪಣ್ಣ ಪಂಚೆ ಎತ್ತಿಕೊಂಡು ನಾಲೆಗೆ ಓಡಿದ, ಓಡಿದಷ್ಟೇ ಬೇಗ ವಾಪಸು ಬಂದ. "ಹಲ್ಗೆನೇ ಇಲ್ಲ ಬುದ್ದಿ!"

ಹಲಗೆ ಜನದ ನಡುವಿನಿಂದ ಬರುತ್ತಿತ್ತು. ಕುಳ್ಳಯ್ಯ ಅದನ್ನು ಸ್ಟೇಜಿನ ಮುಂದೆ, ದೊಡ್ಡವರ ಕಾಲಿನ ನೇರಕ್ಕೆ ಹಾಕಿ ಅದರ ಮೇಲೆ ಕೂತ.

"ಮುಟ್ಟಿ ಬುದ್ದಿ" ಎಂದ. "ಯಾರ್ ಮುಟ್ತೀರೋ ಮುಟ್ಟಿ."

ಸ್ಟೇಜಿನಿಂದ ಇಳಿದು ಬಂದ ಹೊನ್ನಪ್ಪನ ಕೈ ಮುಂದೆ ಬಂತು. ಸುತ್ತ ಅವನೂರಿನವರೇ ನಿಂತು ನೋಡುತ್ತಿದ್ದರು. ಕೈ ಅಲ್ಲೇ ನಿಂತಿತು.

"ನಿನ್ ಚರ್ಮ ಸುಲೀತೀನಿ ಕಣ್ಲಾ, ಸೂಳೆಮಗನೆ."

"ಸುಲೀರಿ. ಆಮ್ಯಾಕೆ ಮೂರ್ ಸಲ ನೀರ್ ಚಿಮುಕುಸ್ಕಳಿ."

ಅಷ್ಟರಲ್ಲಿ ಬೆಟ್ಟಮ್ಮ ಗುದ್ದಲಿ ಹಿಡಿದು ಪೆಂಡಾಲಿನೊಳಗೆ ಬಂದಳು. ಅವಳ ಬೆನ್ನಿಗೆ ಪಾರ್ವತಮ್ಮ, ಕಡೇ ಗದ್ದೆಯ ಹತ್ತು ಮನೆಯ ಹೆಂಗಸರು, ಎಲ್ಲರ ಕೈಯಲ್ಲೂ ಗುದ್ದಲಿ. ಮುದುಕಿ ಒಂದು ಸಲ ನಾಲೆಯ ಕಡೆ, ಒಂದು ಸಲ ತನ್ನ ಗದ್ದೆಯ ಕಡೆ ನೋಡಿ ಕಣ್ಣಲ್ಲೇ ಹಳೇ ಕಾಲುವೆಯ ಗೆರೆ ಹಿಡಿದಳು. ಆ ಗೆರೆ ಸರಿಯಾಗಿ ಸ್ಟೇಜಿನ ಕೆಳಗೇ ಹಾಯುತ್ತಿತ್ತು.

"ಕಾಲ್ ಎತ್ಕಳಿ ಸ್ವಾಮಿ" ಎಂದಳು ದೊಡ್ಡವರಿಗೆ. "ಇಲ್ಲಿ ಕಾಲುವೆ ಇತ್ತು."

ಎರಡನೇ ಏಟಿಗೆ ಜಮಖಾನ ಹರಿಯಿತು.